ಸಬ್ಸಿಡಿ ಕಳೆದೇ ರೇಟ್ ಹೇಳುವ ಸೋಲಾರ್‌ನವರ ಬಗ್ಗೆ ಹುಷಾರು

ಬಡಾವಣೆಯ ಪಾರ್ಕ್ ಹತ್ತಿರ ಟೇಬಲ್ ಹಾಕಿ, ಬ್ಯಾನರ್ ಕಟ್ಟಿ, "ಪಿಎಂ ಸೂರ್ಯ ಘರ್‌ನಲ್ಲಿ ಮನೆ ಮೇಲೆ ಸೋಲಾರ್, ರಸ್ತೆಯವರೆಲ್ಲ ಒಟ್ಟಿಗೆ ಬಂದರೆ ಡಿಸ್ಕೌಂಟ್" ಅಂತ ಬುಕಿಂಗ್ ಮಾಡಿಸಿಕೊಳ್ಳುವವರು ಈಗ ಮೈಸೂರಿನಲ್ಲಿ ಜಾಸ್ತಿ ಆಗಿದ್ದಾರೆ. ಎಲ್ಲರೂ ಮೋಸಗಾರರಲ್ಲ. ಆದರೆ ನಮ್ಮ ರಸ್ತೆಯಲ್ಲಿ ಹೀಗೆ ಹಾಕಿಸಿಕೊಂಡ ಯಾರಿಗೂ ಸಬ್ಸಿಡಿ ಬಂದಿಲ್ಲ. ಈಗ ಇರುವ ಪ್ಯಾನಲ್‌ಗಳಿಗೆ ಬರುವುದೂ ಇಲ್ಲ.

ಪಿಎಂ ಸೂರ್ಯ ಘರ್ ಅಂದರೆ ಮನೆ ಮೇಲೆ ಸೋಲಾರ್ ಹಾಕಿಸಲು ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಯೋಜನೆ. 2024ರ ಫೆಬ್ರವರಿಯಲ್ಲಿ ಶುರುವಾದ ಇದರಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಪ್ಯಾನಲ್ ಕೂರಿಸಿ, ನೆಟ್ ಮೀಟರ್ (ಲೈನ್‌ನಿಂದ ತೆಗೆದುಕೊಂಡ ಕರೆಂಟನ್ನೂ ಲೈನಿಗೆ ಕೊಟ್ಟದ್ದನ್ನೂ ಲೆಕ್ಕ ಹಾಕುವ ಮೀಟರ್) ಹಾಕಿ, ತಪಾಸಣೆ ಎಲ್ಲ ಮುಗಿದ ಮೇಲೆ ಈ ದುಡ್ಡು ಬರುತ್ತದೆ. ಬರುವುದು ಅರ್ಜಿ ಹಾಕಿದವರ ಬ್ಯಾಂಕ್ ಖಾತೆಗೆ, ಹಾಕಿಕೊಡುವವರ ಕೈಗಲ್ಲ.

ನಮ್ಮಲ್ಲಿಗೆ ಬಂದವನು ಹೇಳಿದ್ದೇ ಬೇರೆ. "ಸಾರ್, ಸರ್ಕಾರದ ದುಡ್ಡಿನ ತಲೆನೋವು ನಮಗೆ ಬಿಟ್ಬಿಡಿ. ಅದನ್ನ ಕಳೆದು ಉಳಿದಿದ್ದು ಕೊಟ್ರೆ ಸಾಕು. ಸಬ್ಸಿಡಿ ಬಿದ್ದ ಮೇಲೆ ನಮಗೆ ಹಾಕಿ." ಅದಕ್ಕೆ ಗ್ಯಾರಂಟಿ ಅಂತ 78,000ಕ್ಕೆ ತಾರೀಖು ಹಾಕದ ಒಂದು ಚೆಕ್. ಕೇಳೋಕೆ ಅನುಕೂಲವಾಗಿಯೇ ಇದೆ, ಅಲ್ವಾ? ಕೈಯಿಂದ ದುಡ್ಡು ಕಡಿಮೆ ಹೋಗುತ್ತದೆ. ಆದರೆ ಈ ಲೆಕ್ಕದಲ್ಲಿ ಸಬ್ಸಿಡಿ ಬಂದರೂ ಬರದಿದ್ದರೂ ಅವನಿಗೆ ನಷ್ಟವಿಲ್ಲ. ಚೆಕ್ ಅವನ ಹತ್ತಿರ ಇದೆ.

ಪ್ಯಾನಲ್ ಬಂದವು, ಮೇಲೆ ಕೂತವು, ಕರೆಂಟೂ ಬಂತು. ಆಮೇಲೆ ಎಲ್ಲ ನಿಂತುಹೋಯಿತು. ಯಾವಾಗ ಫೋನ್ ಮಾಡಿದರೂ "ಪೋರ್ಟಲ್ ಸ್ಲೋ ಇದೆ ಸಾರ್" ಅನ್ನುವುದೇ ಉತ್ತರ. ಕೊನೆಗೆ ಎದುರು ಮನೆಯ ಹುಡುಗ, ಇಂಜಿನಿಯರಿಂಗ್ ಓದುತ್ತಿರುವವನು, ಟೆರೇಸ್ ಹತ್ತಿ ನೋಡಿದ. ಪ್ಯಾನಲ್ ಹಿಂಭಾಗದಲ್ಲಿ ವ್ಯಾಟ್, ವೋಲ್ಟ್ ಎಲ್ಲ ಬರೆದ ಲೇಬಲ್ ಇರುತ್ತದೆ. ನಮ್ಮದರಲ್ಲಿ ಅದರ ಮೇಲೊಂದು ಸಣ್ಣ ಬಿಳಿ ಸ್ಟಿಕರ್, ಅದರಲ್ಲಿ 'ಡಿಸಿಆರ್' ಅಂತ, ಜೊತೆಗೊಂದು ಸೀರಿಯಲ್ ನಂಬರ್. ಒಂದು ಮೂಲೆ ಬಿಸಿಲಿಗೆ ಎದ್ದಿತ್ತು. ಉಗುರಿನಲ್ಲಿ ಎಳೆದರೆ ಪೂರ್ತಿ ಬಂತು. ಕೆಳಗೆ ಬೇರೆಯೇ ಸೀರಿಯಲ್ ನಂಬರ್. ಗಾಜಿನ ಒಳಗೆ ಬಾರ್‌ಕೋಡ್ ಜೊತೆ ಅಂಟಿಸಿದ್ದ ನಂಬರ್ ಕೂಡ ಈ ಕೆಳಗಿನದ್ದೇ. ಗಾಜಿನೊಳಗಿನದನ್ನು ಯಾರೂ ಕಿತ್ತು ಬದಲಿಸೋಕೆ ಆಗುವುದಿಲ್ಲ.

ಸಬ್ಸಿಡಿ ಸಿಗುವುದು ಡಿಸಿಆರ್ ಪ್ಯಾನಲ್‌ಗೆ ಮಾತ್ರ. ಡಿಸಿಆರ್ ಅಂದರೆ ಪ್ಯಾನಲ್ ಮಾತ್ರವಲ್ಲ, ಬಿಸಿಲನ್ನು ಕರೆಂಟ್ ಮಾಡುವ ಅದರೊಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಹೊರಗಿನಿಂದ ಸೆಲ್ ತರಿಸಿ ಇಲ್ಲಿ ಜೋಡಿಸಿದ್ದು 'ಮೇಕ್ ಇನ್ ಇಂಡಿಯಾ' ಅಂತ ಹೇಳಿಕೊಂಡರೂ ಸಬ್ಸಿಡಿಗೆ ನಡೆಯುವುದಿಲ್ಲ. ಡಿಸಿಆರ್ ಅಲ್ಲದ್ದು ಅಗ್ಗ. ಅವನ 'ಡಿಸ್ಕೌಂಟ್' ಎಲ್ಲಿಂದ ಬಂತು ಅಂತ ಆಗ ಗೊತ್ತಾಯಿತು.

ಕರೆಂಟ್ ಹೋದಾಗಲೂ ಮನೆಗೆ ಸೋಲಾರ್ ಓಡುತ್ತದೆ ಅಂತಲೂ ಅವನು ಹೇಳಿದ್ದ. ಆದರೆ ಬ್ಯಾಟರಿ ಇಲ್ಲದ ಆನ್-ಗ್ರಿಡ್ ಇನ್ವರ್ಟರ್, ಅಂದರೆ ಲೈನಿಗೆ ಜೋಡಿಸಿಕೊಂಡೇ ಓಡುವಂಥದ್ದು, ಲೈನ್‌ನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯಿಂದ ಶಾಕ್ ಹೊಡೆಯಬಾರದಲ್ಲ, ಅದಕ್ಕೇ. ಹಾಗಾಗಿ ಮಟಮಟ ಮಧ್ಯಾಹ್ನ, ತಲೆ ಮೇಲೆ ಅಷ್ಟು ಪ್ಯಾನಲ್ ಇಟ್ಟುಕೊಂಡು, ನಮಗೆ ಫ್ಯಾನ್ ಇಲ್ಲ.

ಪಕ್ಕದ ರಸ್ತೆಯ ಅಪಾರ್ಟ್‌ಮೆಂಟ್‌ಗೂ ಇವನೇ ಹೋಗಿ, ಒಂದೊಂದು ಫ್ಲಾಟ್‌ಗೂ 78,000 ಕೊಡಿಸುತ್ತೇನೆ ಅಂದಿದ್ದನಂತೆ. ಸಂಘದ ಹೆಸರಿನಲ್ಲಿ ಹಾಕಿಸಿದರೆ ಲೆಕ್ಕವೇ ಬೇರೆ. ಕಿಲೋವ್ಯಾಟ್‌ಗೆ 18,000, 500 ಕಿಲೋವ್ಯಾಟ್‌ವರೆಗೆ, ಅದೂ ಲಿಫ್ಟ್, ಪಂಪು, ಗಾಡಿ ಚಾರ್ಜಿಂಗ್‌ನಂಥ ಎಲ್ಲರಿಗೂ ಸೇರಿದ ಬಳಕೆಗೆ. ಒಂದೇ ಕಡೆ ಪ್ಯಾನಲ್ ಹಾಕಿ ಅದರ ಯೂನಿಟ್‌ಗಳನ್ನು ಬೇರೆ ಬೇರೆ ಮನೆಯ ಮೀಟರ್‌ಗೆ ಹಂಚುವುದಕ್ಕೆ ವರ್ಚುವಲ್ ನೆಟ್ ಮೀಟರಿಂಗ್ ಅನ್ನುತ್ತಾರೆ. ದೆಹಲಿಯಲ್ಲಿ ಅದಕ್ಕೆ 2019ರಲ್ಲೇ ನಿಯಮ ಬಂದಿದೆ. ಇಲ್ಲಿ ಯಾರಾದರೂ ಆ ಹೆಸರು ಹೇಳಿ 'ಷೇರು' ಮಾರಲು ಬಂದರೆ, ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಆದೇಶ ಮತ್ತು ನಿಮ್ಮ ಎಸ್ಕಾಂ ಕೊಟ್ಟ ಒಪ್ಪಿಗೆ ಪತ್ರ ಎರಡನ್ನೂ ಕಣ್ಣಾರೆ ನೋಡದೆ ಅಡ್ವಾನ್ಸ್ ಕೊಡಬೇಡಿ.

ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಬರುತ್ತಿರುವವರು ಇನ್ನೊಮ್ಮೆ ಯೋಚಿಸಿ. ಇಲ್ಲದ ಬಿಲ್ಲಿನಲ್ಲಿ ಉಳಿಸುವುದು ಏನು? ಬಿಲ್ ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇದ್ದರೆ ಮೊದಲು ಹೆಸರು ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಕೈಯಲ್ಲಿ ದುಡ್ಡಿಲ್ಲ ಅಂತ ಇಂಥವರ ಮಾತಿಗೆ ಬೀಳುವುದೂ ಬೇಡ. 3 ಕಿಲೋವ್ಯಾಟ್‌ವರೆಗೆ ಒತ್ತೆ ಇಲ್ಲದೆ ಕಡಿಮೆ ಬಡ್ಡಿಗೆ ಸಾಲ ಕೊಡುವ ಸರ್ಕಾರಿ ಬ್ಯಾಂಕುಗಳಿವೆ.

ನಾನು ಆ ಚೆಕ್‌ಗೆ ಸ್ಟಾಪ್ ಪೇಮೆಂಟ್ ಬರೆದುಕೊಟ್ಟು, ಯೋಜನೆಯ ಪೋರ್ಟಲ್‌ನಲ್ಲಿ ದೂರು ಹಾಕಿದ್ದೇನೆ. ಪ್ಯಾನಲ್ ಬದಲಿಸಿಕೊಡುತ್ತಾನಂತೆ, ಆದರೆ 'ಡಿಫರೆನ್ಸ್' ಕೊಡಬೇಕಂತೆ! ಬಿಲ್‌ನಲ್ಲಿ ಅವನೇ ಡಿಸಿಆರ್ ಅಂತ ಬರೆದಿರುವುದರಿಂದ ಗ್ರಾಹಕರ ಆಯೋಗಕ್ಕೂ ರಸ್ತೆಯವರೆಲ್ಲ ಸೇರಿ ಹೋಗುತ್ತಿದ್ದೇವೆ. ನಿಮ್ಮ ಮನೆಗೆ ಪ್ಯಾನಲ್ ಬಂದ ದಿನ, ಮೇಲಕ್ಕೆ ಸಾಗಿಸುವ ಮುಂಚೆಯೇ, ಗಾಜಿನೊಳಗಿನ ನಂಬರಿನ ಫೋಟೋ ತೆಗೆದುಕೊಳ್ಳಿ. ಅದೇ ನಂಬರ್‌ಗಳಿರುವ ಡಿಸಿಆರ್ ಸರ್ಟಿಫಿಕೇಟ್ ಕೈಗೆ ಬರುವವರೆಗೆ ಕೊನೆಯ ಕಂತು ಕೊಡಬೇಡಿ.