ಏಣಿ, ಮ್ಯಾನ್ ಎಂಜಿನ್, ಕೇಜ್: ಗಣಿಗೆ ಇಳಿಯಲು ಯಾವುದು?

1842ರಲ್ಲಿ ಇಂಗ್ಲೆಂಡ್‌ನ ಕಾರ್ನ್‌ವಾಲ್‌ನಲ್ಲಿ ನಿಮ್ಮದೊಂದು ತಾಮ್ರದ ಗಣಿ ಇದೆ ಅಂದುಕೊಳ್ಳಿ. ಖರ್ಚು ನೋಡಿದರೆ ಏಣಿಯೇ ಅಗ್ಗ. ಆದರೆ ಆಳ ಜಾಸ್ತಿಯಾದಂತೆ ಹತ್ತಿ ಬರುವಷ್ಟರಲ್ಲೇ ಕೆಲಸಗಾರ ಸುಸ್ತು. ಆ ದಣಿವೂ ಖರ್ಚೇ ಅಲ್ವಾ?

ಅದೇ ವರ್ಷ ಎಂಜಿನಿಯರ್ ಮೈಕೇಲ್ ಲೋಮ್ ಟ್ರೆಸವಿಯನ್ ಗಣಿಯಲ್ಲಿ ಮ್ಯಾನ್ ಎಂಜಿನ್ ಕೂರಿಸಿದರು. ಇದರ ಒಂಟಿ ತೊಲೆಯ ಮಾದರಿಯಲ್ಲಿ, ಶಾಫ್ಟ್‌ನೊಳಗೆ (ಗಣಿಗೆ ಇಳಿಯುವ ಬಾವಿಯಂಥ ಗುಂಡಿ) ಮೇಲೆ ಕೆಳಗೆ ಆಡುವ ಉದ್ದನೆಯ ತೊಲೆಗೆ ಮೆಟ್ಟಿಲುಗಳಿರುತ್ತವೆ. ಮೇಲೆ ಬರಲು, ತೊಲೆ ಏರಿದಾಗ ಪಕ್ಕದ ಅಟ್ಟಕ್ಕೆ ದಾಟಬೇಕು. ಅದು ಇಳಿದ ಮೇಲೆ ಮುಂದಿನ ಮೆಟ್ಟಿಲು ಹತ್ತಬೇಕು. ಓರೆಯಾದ ಶಾಫ್ಟ್‌ಗೂ ಒಗ್ಗುತ್ತದೆ. ಆದರೆ ಕೊಂಡಿ ಮುರಿದರೆ ಮುಗಿಯಿತು: 1919ರಲ್ಲಿ ಲೆವಂಟ್ ಗಣಿಯಲ್ಲಿ 31 ಜನ ಸತ್ತರು.

ನೆಟ್ಟಗಿನ ಶಾಫ್ಟ್, ಗಟ್ಟಿ ತಂತಿ ಹಗ್ಗ, ಕೈಯಲ್ಲಿ ಹಣ ಇದ್ದರೆ ಕೇಜ್, ಅಂದರೆ ಹಗ್ಗಕ್ಕೆ ತೂಗುವ ಪಂಜರದಂಥ ಲಿಫ್ಟ್, ಸಲೀಸು. ಸುಮ್ನೆ ನಿಂತರೆ ಸಾಕು. ಆಳ ಕಡಿಮೆಯಿದ್ದರೆ ಏಣಿ ಬದಲಿಸುವ ಗೋಜೇ ಬೇಡ.