ಹೈಸ್ಕೂಲ್ ಇಂಗ್ಲಿಷ್ ಓದು: ಒಬ್ಬರೇ ಓದುವ ದಾರಿಯೋ, ಗುಂಪಿನ ಸರದಿಯೋ?

ಹಾಸನದ ಕಡೆ ಹಳ್ಳಿ ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡುವವರಿಗೆ ಇದು ಗೊತ್ತೇ ಇದೆ. ಮಕ್ಕಳು ಗಟ್ಟಿಯಾಗಿ ಓದಿಬಿಡುತ್ತಾರೆ, ಅರ್ಥ ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ, ಅಲ್ವಾ?

ಇದಕ್ಕೆ ಎರಡು ದಾರಿ ಇವೆ. ಒಬ್ಬರೇ ಓದುವ ಎಸ್‌ಕ್ಯೂ3ಆರ್ (ಸರ್ವೇ, ಕ್ವೆಶ್ಚನ್, ರೀಡ್, ರಿಸೈಟ್, ರಿವ್ಯೂ) ಹಳೆಯ ದಾರಿ. 1946ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಫ್ರಾನ್ಸಿಸ್ ರಾಬಿನ್ಸನ್ ಕಾಲೇಜು ಹುಡುಗರಿಗೆ ಹೇಳಿದ್ದು. ಮೊದಲು ಕಣ್ಣಾಡಿಸು, ತಲೆಬರಹವನ್ನೇ ಪ್ರಶ್ನೆ ಮಾಡಿಕೊ, ಓದು, ಪುಸ್ತಕ ಮುಚ್ಚಿ ಹೇಳು, ಮತ್ತೆ ತಿರುವಿ ನೋಡು. ಮಾಹಿತಿ ಪಾಠಕ್ಕೆ ಚೆನ್ನ. ಕಥೆ, ಪದ್ಯಕ್ಕೆ ಅಷ್ಟಕ್ಕಷ್ಟೆ.

ಇನ್ನೊಂದು ಗುಂಪಿನ ದಾರಿ, 'ರೆಸಿಪ್ರೋಕಲ್ ಟೀಚಿಂಗ್' ಅಂತಾರೆ. ಅಮೆರಿಕದಲ್ಲಿ ಕಲಿಕೆಯ ಬಗ್ಗೆ ಸಂಶೋಧನೆ ಮಾಡಿದ ಪಾಲಿನ್ಸರ್ ಮತ್ತು ಬ್ರೌನ್ 1984ರಲ್ಲಿ ವಿವರಿಸಿದ್ದು. ಮಕ್ಕಳೇ ಸರದಿಯ ಮೇಲೆ ಮೇಷ್ಟ್ರಾಗುತ್ತಾರೆ: ಮುಂದೇನು ಅಂತ ಊಹಿಸುವುದು, ಪ್ರಶ್ನೆ ಕೇಳುವುದು, ತೊಡಕು ಬಿಡಿಸುವುದು, ಸಾರ ಹೇಳುವುದು. ಒಮ್ಮೆ ಬೇಲೂರು ದೇವಸ್ಥಾನದ ಬಗ್ಗೆ ಇಂಗ್ಲಿಷ್ ಪ್ಯಾರಾ ಕೊಟ್ಟಿದ್ದೆ. 1117ರಲ್ಲಿ ವಿಷ್ಣುವರ್ಧನ ಅದನ್ನು 'ಕಮಿಷನ್' ಮಾಡಿದ ಅಂತ ಅದರಲ್ಲಿತ್ತು. ಒಬ್ಬ ಹುಡುಗ, "ರಾಜನೂ ಆಲೂಗಡ್ಡೆ ಮಂಡಿಯವರ ಹಾಗೆ ಕಮಿಷನ್ ಹೊಡೆದನಾ?" ಅಂದ. ನಾನು ಬಾಯಿ ಹಾಕಲಿಲ್ಲ. ಪಕ್ಕದ ಹುಡುಗಿ ಮುಂದಿನ ಸಾಲು ಓದಿ, "ಇಲ್ಲ ಕಣೋ, ಕಟ್ಟಿಸಿದ ಅಂತ" ಅಂದಳು. ಒಬ್ಬನೇ ಓದಿದ್ದರೆ ಆ ತಪ್ಪು ಅವನ ತಲೆಯಲ್ಲೇ ಉಳಿಯುತ್ತಿತ್ತು.

ಆದರೆ ಟೈಮ್ ತಿನ್ನುತ್ತದೆ. 40 ನಿಮಿಷದ ಪಿರಿಯಡ್‌ನಲ್ಲಿ ಎರಡು ಪ್ಯಾರಾ ಮುಗಿದರೆ ಜಾಸ್ತಿ. ಗಲಾಟೆ ಬೇರೆ. ಮೊದಮೊದಲು ನೀವೇ ಮಾಡಿ ತೋರಿಸಬೇಕು. ಚರ್ಚೆ ಕನ್ನಡದಲ್ಲಿ ನಡೆದರೆ ನಡೆಯಲಿ, ಬಿಡಿ.

ನಾನಂತೂ ಎಂಟು, ಒಂಬತ್ತಕ್ಕೆ ಗುಂಪನ್ನೇ ಇಟ್ಟುಕೊಂಡಿದ್ದೇನೆ. ಹತ್ತನೇ ಕ್ಲಾಸಿನವರಿಗೆ ಡಿಸೆಂಬರ್ ಹೊತ್ತಿಗೆ ಎಸ್‌ಕ್ಯೂ3ಆರ್. ಪರೀಕ್ಷೆಗೆ ಒಬ್ಬರೇ ಕೂತು ಓದಬೇಕಲ್ಲ.