ರೂಟರ್ ಕೊಳ್ಳುವಾಗ ಕಾಲೆಟ್ ನೋಡಿ: 6 ಮಿ.ಮೀ. ಬೇರೆ, ಕಾಲಿಂಚು ಬೇರೆ

ಕಾಸರಗೋಡಿನ ಬದಿಯಡ್ಕದ ಕಡೆಯ ಒಂದು ಮನೆಯ ಶೆಡ್ಡಿಗೆ ಹೊಸದಾಗಿ ತಂದ ರೂಟರ್, ಎಂದರೆ ಮರದಲ್ಲಿ ಕುಳಿ ತೆಗೆಯುವ, ಅಂಚು ಸವರುವ ಕರೆಂಟಿನ ಮೆಷಿನ್, ಮೂರನೇ ದಿನವೇ ಒಳ್ಳೆಯ ಹಲಸಿನ ಹಲಗೆಯೊಂದನ್ನು ಹಾಳು ಮಾಡಿತು. ಕಪಾಟಿನ ಬದಿಗೆಂದು ಕೀಸಿಟ್ಟ 18 ಮಿ.ಮೀ. ದಪ್ಪದ ಹಲಗೆ. ಅದರಲ್ಲಿ 8 ಮಿ.ಮೀ. ಆಳದ ಗ್ರೂವ್ (ಉದ್ದನೆಯ ಕುಳಿ) ಬೇಕಿತ್ತು. ಮೊದಲ ಓಟಕ್ಕೆ 4, ಎರಡನೆಯದಕ್ಕೆ 8 ಎಂಬ ಲೆಕ್ಕ. ಮೊದಲ ಓಟ ಸರಿಯಾಗಿಯೇ ಹೋಯಿತು. ಎರಡನೆಯದರಲ್ಲಿ ಶುರುವಿಗೆ ಆಳ 8, ಒಂದು ಅಡಿ ಹೋಗುವಷ್ಟರಲ್ಲಿ 10, ಎರಡು ಅಡಿಗೆ 14. ಅಲ್ಲಿಂದ ಒಂದು ಗೇಣು ಮುಂದೆ ಬಿಟ್, ಎಂದರೆ ಮರ ಕೊರೆಯುವ ಅಲಗು, ಹಲಗೆಯನ್ನು ತೂರಿ ಬೆಂಚಿಗೆ ಇಳಿದು ಬುಡದಲ್ಲೇ ಮುರಿಯಿತು. ಮುರಿದ ತುಂಡು ಗೋಡೆಗೆ ಹೋಗಿ ಬಡಿಯಿತು. ಹಿಡಿದವರ ಕಡೆಗೆ ಬಂದಿದ್ದರೆ ಕಣ್ಣು ಹೋಗುತ್ತಿತ್ತು.

ಮೊದಲು ಎಲ್ಲರ ಸಂಶಯ ಹೋದದ್ದು ಆಳದ ಲಾಕಿನ ಮೇಲೆ. ಲಾಕ್ ಗಟ್ಟಿಯಾಗಿಯೇ ಇತ್ತು, ಆಳದ ಕಡ್ಡಿಯೂ ಇಟ್ಟಲ್ಲೇ ಇತ್ತು. ಜಾರಿದ್ದು ಬಿಟ್. ಮುರಿದು ಉಳಿದ ಶ್ಯಾಂಕನ್ನು, ಎಂದರೆ ಬಿಟ್ಟಿನ ದಂಟನ್ನು, ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ಗುಟ್ಟು ಅಲ್ಲೇ ಕಾಣುತ್ತಿತ್ತು: ಮೆಷಿನ್ನಿನಲ್ಲಿ ಬಿಟ್ಟನ್ನು ಹಿಡಿಯುವ ಕೊಳವೆಯಾದ ಕಾಲೆಟ್ಟಿನ ಬಾಯಿಯ ಹತ್ತಿರ ಮಾತ್ರ ಸುಮಾರು 3 ಮಿ.ಮೀ. ಅಗಲಕ್ಕೆ ಕಂದು ಬಣ್ಣದ ಸುಟ್ಟ ಉಂಗುರ, ಅದರ ಮೇಲಿನ ಭಾಗವೆಲ್ಲ ಅಂಗಡಿಯಿಂದ ಬಂದ ಹೊಳಪಿನಲ್ಲೇ ಇತ್ತು. ಅಂದರೆ ಕಾಲೆಟ್ ಶ್ಯಾಂಕನ್ನು ಉದ್ದಕ್ಕೂ ಹಿಡಿದಿರಲಿಲ್ಲ, ತುಟಿಯಲ್ಲಿ ಕಚ್ಚಿತ್ತು ಅಷ್ಟೆ. ವರ್ನಿಯರ್ (ದಪ್ಪ ಅಳೆಯುವ ಸಾಧನ) ಇಟ್ಟು ಅಳೆದಾಗ ಶ್ಯಾಂಕ್ 6.00, ಕಾಲೆಟ್ ಕಾಲಿಂಚಿನದ್ದು, ಎಂದರೆ 6.35. ಎರಡೂ ಒಂದೇ ಬಿಲ್ಲಿನಲ್ಲಿ, ಒಂದೇ ಕೌಂಟರಿನಿಂದ, ಜೋಡಿ ಎಂದೇ ಬಂದವು.

ಕಾಸರಗೋಡಿನಲ್ಲಿರಲಿ ಮಂಗಳೂರಿನಲ್ಲಿರಲಿ, 6 ಮಿ.ಮೀ. ಮತ್ತು ಕಾಲಿಂಚಿನ ಬಗ್ಗೆ ಕೌಂಟರಿನಲ್ಲಿ ಕೇಳಿದರೆ ಒಂದೇ ಉತ್ತರ, ಎರಡೂ ಒಂದೇ ಎಂದು. ಮಲಯಾಳದಲ್ಲಿ 'ರಂಡುಂ ಒನ್ನು ತನ್ನೆ', ತುಳುವಿನಲ್ಲಿ 'ರಡ್ಡ್‌ಲಾ ಒಂಜೇ'. ಯಾವ ಭಾಷೆಯಲ್ಲಿ ಹೇಳಿದರೂ ಅದನ್ನು ನಂಬಬೇಡಿ. ನಮ್ಮ ಆಚಾರಿಗಳು ಇಂಚು ಮತ್ತು ನೂಲಿನ (ಇಂಚಿನ ಎಂಟನೇ ಒಂದು ಪಾಲು) ಲೆಕ್ಕದವರು, ಪೆಟ್ಟಿಗೆಯ ಮೇಲೆ ಬರೆದಿರುವುದು ಮಿಲಿಮೀಟರ್. 'ಎರಡು ನೂಲಿನ ಬಿಟ್ ಕೊಡಿ' ಎಂದು ಕೇಳಿದವರಿಗೆ 6 ಮಿ.ಮೀ. ಕೊಟ್ಟು ಕಳಿಸುವುದು ಬಹಳ ಸುಲಭ. ಬೋಲ್ಟು ನಟ್ಟಿಗೆ ಇಂಥ ಅಂದಾಜು ಹೇಗೋ ನಡೆದೀತು, ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಸುತ್ತು ಹಾಕುವ ಸಾಮಾನಿಗೆ ನಡೆಯುವುದಿಲ್ಲ.

ಕಾಲೆಟ್ ಎಂದರೆ ಉದ್ದಕ್ಕೆ ಸೀಳು ಹಾಕಿದ ಉಕ್ಕಿನ ಕೊಳವೆ, ಹೊರಮೈ ಇಳಿಜಾರು. ನಟ್ ತಿರುಗಿಸಿದಾಗ ಅದು ಮೋಟರಿನ ಶಂಕುವಿನಾಕಾರದ ಗುಂಡಿಯೊಳಗೆ ಒತ್ತಿ ಸೀಳು ಮುಚ್ಚಿಕೊಳ್ಳುತ್ತದೆ. ಹೀಗೆ ಮುಚ್ಚುವುದು ಮಿಲಿಮೀಟರಿನ ಸಣ್ಣ ಪಾಲಿನಷ್ಟೇ. ತನ್ನ ಅಳತೆಯ ಶ್ಯಾಂಕ್ ಇದ್ದರೆ ಒಳಮೈ ಪೂರ್ತಿ ತಾಗಿ ಹಿಡಿಯುತ್ತದೆ. 0.35 ಮಿ.ಮೀ. ಸಣ್ಣದನ್ನು ಹಾಕಿದರೆ ನಟ್ ಬಿಗಿಯಾಯಿತು ಎಂದು ಕೈಗೆ ಅನ್ನಿಸುತ್ತದೆ, ಬಿಟ್ ಎಳೆದರೆ ಬರುವುದೂ ಇಲ್ಲ. ಮೋಸ ಇರುವುದು ಅಲ್ಲೇ. ಮರಕ್ಕೆ ತಾಗಿ ನಡುಗಲು ಶುರುವಾದ ಮೇಲೆ ತುಟಿಯ ಹಿಡಿತ ಸಾಲುವುದಿಲ್ಲ. ಅದರಲ್ಲೂ ಸಿಂಬೆ ಸುತ್ತಿದ ಹಾಗಿರುವ, ಹುಡಿಯನ್ನು ಮೇಲಕ್ಕೆ ಎತ್ತುವ ಸ್ಪೈರಲ್ ಬಿಟ್ ತನ್ನನ್ನು ತಾನೇ ಮರದೊಳಗೆ ಎಳೆದುಕೊಳ್ಳುತ್ತದೆ. ಆಳ ಹೆಚ್ಚಾದಷ್ಟು ಭಾರ ಹೆಚ್ಚು, ಭಾರ ಹೆಚ್ಚಾದಷ್ಟು ಎಳೆತ ಹೆಚ್ಚು. ಮೊದಲ ಅಡಿಯಲ್ಲಿ 2 ಮಿ.ಮೀ. ಇಳಿದದ್ದು ಎರಡನೇ ಅಡಿಯಲ್ಲಿ 4 ಇಳಿದದ್ದು ಇದೇ ಕಾರಣಕ್ಕೆ.

ದೊಡ್ಡ ಮೆಷಿನ್ನುಗಳಲ್ಲಿ ಇದೇ ಕಥೆ 12 ಮಿ.ಮೀ. ಮತ್ತು ಅರ್ಧ ಇಂಚಿನ ನಡುವೆ ಉಂಟು. ಅರ್ಧ ಇಂಚು ಎಂದರೆ 12.7, ವ್ಯತ್ಯಾಸ 0.7. ಅರ್ಧ ಇಂಚಿನ ಬಿಟ್ 12ರ ಕಾಲೆಟ್ಟಿಗೆ ಹೋಗುವುದೇ ಇಲ್ಲ, ಆಗ ಕೆಲವರು ಶ್ಯಾಂಕಿಗೆ ಎಮೆರಿ (ಉಜ್ಜುವ ಕಾಗದ) ಹಿಡಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೈಯಲ್ಲಿ ಉಜ್ಜಿದ ಶ್ಯಾಂಕ್ ಗುಂಡಗೆ ಉಳಿಯುವುದಿಲ್ಲ. ಉಲ್ಟಾ ಆದರೆ, 12ರ ಬಿಟ್ ಅರ್ಧ ಇಂಚಿನ ಕಾಲೆಟ್ಟಿಗೆ ಸಲೀಸಾಗಿ ಇಳಿಯುತ್ತದೆ. ಹೆಚ್ಚು ಅಪಾಯ ಇದರಲ್ಲೇ. ಪೆಟ್ಟಿಗೆಯಲ್ಲಿ ಸೀಳಿದ ಸ್ಲೀವ್ (ಕಾಲೆಟ್ಟಿಗೂ ಶ್ಯಾಂಕಿಗೂ ನಡುವೆ ತೂರಿಸುವ ಕೊಳವೆ) ಒಂದನ್ನು ಹಾಕಿ 'ಎಲ್ಲ ಅಳತೆಗೂ ಆಗುತ್ತದೆ' ಎನ್ನುವುದೂ ಉಂಟು. ಕಡಿಮೆ ಬೆಲೆಯ ಸ್ಲೀವ್ ಸೇರಿಸಿದರೆ ಬಿಟ್ ನಡುವಿನಿಂದ ಸ್ವಲ್ಪ ಸರಿದು ಸುತ್ತುತ್ತದೆ. ಆ ಮೆಷಿನ್ನಿಗೆಂದೇ ಮಾಡಿದ ಬೇರೆ ಕಾಲೆಟ್ ಸಿಗುತ್ತದೆಯೋ ಎಂದು ಕೇಳಿ. ಸಿಗದಿದ್ದರೆ ಆ ಮೆಷಿನ್ ಬಿಟ್ಟುಬಿಡುವುದೇ ವಾಸಿ.

ಅಂಗಡಿಗೆ ಹೋಗುವಾಗ ಡಿಜಿಟಲ್ ವರ್ನಿಯರ್ ಜೇಬಿನಲ್ಲಿರಲಿ. ನಟ್ ಬಿಚ್ಚಿಸಿ ಕಾಲೆಟ್ ಹೊರಗೆ ತೆಗೆಸಿ, ಅದರ ಮುಖದಲ್ಲಿ ಕೆತ್ತಿದ ಅಳತೆ ಓದಿ. ನಟ್ಟಿನ ಮೇಲಿನ ಬರಹ ಸಾಲದು, ನಟ್ ಅದಲು ಬದಲಾಗಿರಬಹುದು. ಬಿಟ್ಟಿನ ಶ್ಯಾಂಕನ್ನು ಬುಡ, ನಡು, ತುದಿ, ಮೂರೂ ಕಡೆ ಅಳೆಯಿರಿ. ಬರೆದ ಅಳತೆಗಿಂತ 0.03 ಮಿ.ಮೀ.ಗೂ ಮೀರಿ ಸಣ್ಣದಾಗಿದ್ದರೆ ಆ ಬಿಟ್ ಬೇಡ. ಪ್ಲಗ್ ಹಾಕದೆ ಬಿಟ್ ಕೂರಿಸಿ, ಶ್ಯಾಂಕ್ ಹಿಡಿದು ಅಡ್ಡಕ್ಕೆ ಅಲುಗಿಸಿ ನೋಡಿ. ಕಟಕಟ ಎಂದರೆ ಬೇರಿಂಗಿನಲ್ಲೇ ಸಡಿಲ. ಆಮೇಲೆ ಪ್ಲಂಜ್, ಎಂದರೆ ಮೋಟರ್ ಕೆಳಗೆ ಇಳಿದು ಮೇಲೆ ಬರುವ ವ್ಯವಸ್ಥೆ: ಎರಡೂ ಹಿಡಿ ಹಿಡಿದು ಒತ್ತಿದರೆ ಸರಾಗ ಇಳಿದು ಸರಾಗ ಮೇಲೆ ಬರಬೇಕು. ಬೇಸಿನ ಅಡಿಗೆ ಸ್ಟೀಲ್ ಸ್ಕೇಲನ್ನು ನಿಲ್ಲಿಸಿ ಹಿಡಿದಾಗ ಸಂದಿಯಲ್ಲಿ ಬೆಳಕು ಕಂಡರೆ ಬೇಸ್ ಬಾಗಿದೆ.

ವ್ಯಾಟಿನ ವಿಚಾರ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 1800 ವ್ಯಾಟ್ ಎಂದಿದ್ದರೆ ಮೈಮೇಲಿನ ಪ್ಲೇಟ್ ಓದಿ. 1800ನ್ನು 230ರಿಂದ ಭಾಗಿಸಿದರೆ ಸುಮಾರು 7.8 ಆಂಪಿಯರ್. ಪ್ಲೇಟಿನಲ್ಲಿ 4 ಆಂಪಿಯರ್ ಎಂದಿದ್ದರೆ ಅದು 920 ವ್ಯಾಟಿನ ಮೆಷಿನ್, ಪೆಟ್ಟಿಗೆ ಸುಳ್ಳು ಹೇಳುತ್ತಿದೆ. ಅಮೆರಿಕದಿಂದ ಯಾರೋ ತಂದು ಕೊಟ್ಟದ್ದು ಅಥವಾ ಆನ್‌ಲೈನಿನಲ್ಲಿ ಅಗ್ಗಕ್ಕೆ ಬಂದದ್ದು 120 ವೋಲ್ಟಿನದ್ದಾಗಿರಬಹುದು. ಅದಕ್ಕೆ ಪಿನ್ ಅಡಾಪ್ಟರ್ ಹಾಕಿ 230ಕ್ಕೆ ಚುಚ್ಚಿದರೆ ಮೋಟರ್ ಸುಟ್ಟುಹೋಗುತ್ತದೆ. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರ, ವೋಲ್ಟೇಜ್ ಅಲ್ಲ.

ವೇಗ ತಗ್ಗಿಸುವ ಡಯಲ್ ಇಲ್ಲದ ಮೆಷಿನ್ನಿಗೆ ದೊಡ್ಡ ಬಿಟ್ ಹಾಕಲೇಬಾರದು. 50 ಮಿ.ಮೀ. ಅಗಲದ ಬಿಟ್ 24,000 ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 63 ಮೀಟರ್ ಓಡುತ್ತದೆ, ಗಂಟೆಗೆ 226 ಕಿಲೋಮೀಟರ್. 25 ಮಿ.ಮೀ. ತನಕ 24,000 ಇರಲಿ, 50ರ ತನಕ 18,000 ಅಥವಾ ಕಡಿಮೆ, 75 ದಾಟಿದರೆ 12,000ಕ್ಕಿಂತ ಕೆಳಗೆ, ಅದೂ ಟೇಬಲಿಗೆ ಜೋಡಿಸಿ ಮಾತ್ರ. ಅಂಚು ಉರುಟು ಮಾಡಲು, ಬಾಗಿಲ ತಿರುಗಣೆಯ (ಹಿಂಜ್) ಕುಳಿ ತೆಗೆಯಲು, ಲ್ಯಾಮಿನೇಟ್ ಸವರಲು ಮನೆಯ ಶೆಡ್ಡಿಗೆ ಟ್ರಿಮ್ಮರ್ ಎಂಬ ಸಣ್ಣ ರೂಟರ್ ಸಾಕಾಗುತ್ತದೆ. ಬಾಗಿಲಿನ ಪ್ಯಾನೆಲ್ ಮಾಡುವವರಿಗೆ ಮಾತ್ರ ಅರ್ಧ ಇಂಚಿನದ್ದು ಬೇಕಾದೀತು.

ನಮ್ಮ ಕಡೆಗೆ ಇನ್ನೊಂದು ಸಂಕಟ ಉಂಟು. ಬೇಸಗೆಯಲ್ಲಿ ಸುತ್ತಲಿನ ಅಡಿಕೆ ತೋಟಗಳಿಗೆಲ್ಲ ಪಂಪ್ ಹಾಕುವ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತದೆ. ರೂಟರಿನ ಸುತ್ತು ಇಳಿಯುತ್ತದೆ, ಅದೇ ಜೋರಿನಲ್ಲಿ ದೂಡಿದರೆ ಕರೆಂಟ್ ಹೆಚ್ಚು ಎಳೆಯುತ್ತದೆ, ಅದೇ ಹೊತ್ತಿಗೆ ಒಳಗಿನ ಫ್ಯಾನ್ ನಿಧಾನವಾಗಿ ತಂಪು ಕಡಿಮೆಯಾಗುತ್ತದೆ. ಇದಕ್ಕೆ ಉದ್ದದ ಸಪೂರ ವಯರ್ ಸೇರಿದರೆ ಕೇಳುವುದೇ ಬೇಡ. ಮನೆಯಿಂದ ಕೊಟ್ಟಿಗೆಗೆ 30 ಮೀಟರ್ ಎಳೆದ 0.75 ಚದರ ಮಿ.ಮೀ. ತಾಮ್ರದ ವಯರ್, ಹೋಗಿ ಬರುವ 60 ಮೀಟರಿಗೆ ಸುಮಾರು 1.5 ಓಮ್ ತಡೆ ಒಡ್ಡುತ್ತದೆ. 8 ಆಂಪಿಯರಿಗೆ 12 ವೋಲ್ಟ್ ವಯರಿನಲ್ಲೇ ಹೋಯಿತು. 2.5 ಚದರ ಮಿ.ಮೀ. ಹಾಕಿದರೆ ಹೋಗುವುದು ಸುಮಾರು 4 ವೋಲ್ಟ್. ರೀಲಿನಲ್ಲಿ ಸುತ್ತಿದ ವಯರಾದರೆ ಪೂರ್ತಿ ಬಿಚ್ಚಿ ಹಾಕಿ, ಸುತ್ತಿಕೊಂಡೇ ಇದ್ದರೆ ಬಿಸಿಗೆ ಕರಗುತ್ತದೆ.

ಹದಿನೈದು ಬಿಟ್ಟಿನ ಮರದ ಪೆಟ್ಟಿಗೆ ನೋಡಲು ಚಂದ. ಅದರಲ್ಲಿ ಹತ್ತಕ್ಕೆ ಕೆಲಸವೇ ಬರುವುದಿಲ್ಲ, ಅಂಚಿಗೆ ಬೆಸೆದ ಕಾರ್ಬೈಡ್ (ಗಟ್ಟಿ ಲೋಹ) ತುಂಡೂ ತೆಳ್ಳಗೆ. ಅದೇ ದುಡ್ಡಿಗೆ ನಾಲ್ಕು ಒಳ್ಳೆಯದು ಸಿಗುತ್ತದೆ: 6 ಮತ್ತು 12 ಮಿ.ಮೀ. ನೇರ ಬಿಟ್, ಅಂಚುಗಳನ್ನು ಸಮ ಮಾಡುವ, ಬೇರಿಂಗ್ ಇರುವ ಫ್ಲಶ್ ಟ್ರಿಮ್, ಅಂಚು ಉರುಟು ಮಾಡುವ 6 ಮಿ.ಮೀ. ತ್ರಿಜ್ಯದ ರೌಂಡ್ ಓವರ್. ಕಾರ್ಬೈಡ್ ಬೆಸುಗೆಯ ಗೆರೆಯಲ್ಲಿ ತೂತು, ಗುಳ್ಳೆ ಕಂಡರೆ ವಾಪಸು ಕೊಡಿ.

ಕೂರಿಸುವ ಕ್ರಮವೂ ಮುಖ್ಯ. ಪ್ಲಗ್ ತೆಗೆದು, ಶ್ಯಾಂಕ್ ಒಳಗೆ ತಾಗುವಷ್ಟು ಇಳಿಸಿ, ಆಮೇಲೆ ಒಂದು ನೂಲಿನಷ್ಟು, ಸುಮಾರು 3 ಮಿ.ಮೀ., ಮೇಲೆ ಎತ್ತಿ ಬಿಗಿ ಮಾಡಿ. ತಳಕ್ಕೆ ತಾಗಿಸಿಯೇ ಬಿಗಿ ಮಾಡಿದರೆ ಕಾಲೆಟ್ ಕೆಳಗೆ ಸರಿಯುವಾಗ ಬಿಟ್ಟಿಗೆ ಸರಿಯಲು ಜಾಗವಿಲ್ಲದೆ ಹಿಡಿತ ತಪ್ಪುತ್ತದೆ. ಶ್ಯಾಂಕ್ ಮತ್ತು ಅಲಗು ಸೇರುವಲ್ಲಿನ ಬಾಗು ಕಾಲೆಟ್ಟಿನೊಳಗೆ ಹೋಗಬಾರದು. ಖಾಲಿ ಕಾಲೆಟ್ಟಿಗೆ ನಟ್ ಬಿಗಿ ಮಾಡಬೇಡಿ, ಆಕಾರ ಕೆಡುತ್ತದೆ. ಹಲಸಿನ ಅಂಟು, ಹುಡಿ ಕೂತದ್ದನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಚೆನ್ನಾಗಿ ಒಣಗಿಸಿ. ಮಳೆಗಾಲದ ತುಕ್ಕಿಗೆ ಹೆದರಿ ಒಳಮೈಗೆ ಎಣ್ಣೆ ಸವರುವವರು ಇದ್ದಾರೆ. ಬಿಟ್ ಜಾರಲು ಅಷ್ಟೇ ಸಾಕು. ಎಣ್ಣೆ ಹಚ್ಚುವುದಿದ್ದರೆ ಬಿಟ್ಟಿನ ಮೈಗೆ ಹಚ್ಚಿಡಿ, ಹಾಕುವ ಮೊದಲು ಶ್ಯಾಂಕ್ ಒರೆಸಿ.

ಮೇಲೆ ಹೇಳಿದ ಮೆಷಿನ್ನಿಗೆ ಎರಡು ಸಲ ಅಂಗಡಿಗೆ ಹೋದ ಮೇಲೆ 6 ಮಿ.ಮೀ. ಕಾಲೆಟ್ ಸಿಕ್ಕಿತು. ಹಲಗೆಯ ದುಡ್ಡು ಬರಲಿಲ್ಲ. ಬಿಲ್ಲಿನಲ್ಲಿ 'ರೂಟರ್ ಮತ್ತು ಬಿಟ್' ಎಂದಷ್ಟೇ ಇತ್ತು, ಅಳತೆ ಇರಲಿಲ್ಲ. ಆದ್ದರಿಂದ ಬಿಲ್ಲಿನಲ್ಲಿ ಕಾಲೆಟ್ಟಿನ ಅಳತೆ, ಶ್ಯಾಂಕಿನ ಅಳತೆ, ಮೆಷಿನ್ನಿನ ಸೀರಿಯಲ್ ನಂಬರ್ ಮೂರನ್ನೂ ಬರೆಸಿಕೊಳ್ಳಿ. ಮನೆಗೆ ತಂದ ದಿನವೇ ಬೇಡದ ಮರದ ತುಂಡೊಂದರಲ್ಲಿ, ಕಣ್ಣಿಗೆ ಕನ್ನಡಕ ಹಾಕಿ, 4 ಮಿ.ಮೀ. ಆಳಕ್ಕೆ ಒಂದು ಮೀಟರ್ ಗ್ರೂವ್ ಹೊಡೆದು ಎರಡೂ ತುದಿಯಲ್ಲಿ ಆಳ ಅಳೆಯಿರಿ. ಹೊಡೆಯುವ ಮೊದಲು ಶ್ಯಾಂಕ್ ನಟ್ಟಿಗೆ ಸೇರುವಲ್ಲಿ ಮಾರ್ಕರಿನಿಂದ ಗೆರೆ ಹಾಕಿ. ಗೆರೆ ನಟ್ಟಿನಿಂದ ಕೂದಲಿನಷ್ಟು ಸರಿದರೂ, ಆಳದಲ್ಲಿ 0.2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೂ ಕಾಲೆಟ್, ಬಿಟ್, ಬಿಲ್ ಮೂರನ್ನೂ ತೆಗೆದುಕೊಂಡು ಮರುದಿನವೇ ಅಂಗಡಿಗೆ ಹೋಗಿ.